ಗಂಟಿನವಳ ಪ್ರಶ್ನೆಗಳು

ಹಿಂದಿನ ಕೋಣೆ, ನಿನ್ನಮ್ಮನ ಹೊಲಿಗೆ ಮೇಜಿನಿಂದ
ತಾರೀಖು ಹದಿನಾಲ್ಕು, ಗುರುವಾರ, ಊಟವಾದ ಮೇಲೆ

ಪ್ರೀತಿಯ ಮಗಳೇ, ನನ್ನ ದಾರದುಂಡೇ,

ಹೇಗಿದ್ದೀಯಮ್ಮ? ಕಣ್ಣುರಿ ಕಡಿಮೆಯಾಯಿತಾ? ಬಿಳಿ ದೀಪದ ಕೆಳಗೆ ಕಪ್ಪು ಬಟ್ಟೆ ಹಾಸಿಕೊಂಡು ಕೂತರೆ ಯಾರ ಕಣ್ಣಾದರೂ ಉರಿಯುತ್ತದೆ. ನಡುನಡುವೆ ಎದ್ದು ಕಿಟಕಿಯಾಚೆ ಏನಾದರೂ ಹಸಿರಿದ್ದರೆ ನೋಡು, ಹಸಿರಿಲ್ಲದಿದ್ದರೆ ಆಕಾಶವನ್ನಾದರೂ ನೋಡು. ಊಟ ಬಿಟ್ಟು ಹೊಲಿಯಬೇಡ. ನನ್ನದೇನೂ ಚಿಂತೆಯಿಲ್ಲ. ಎಡಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅದಕ್ಕೆ ನಾನೂ ಮೆಟ್ಟಿಲ ಮೇಲೆ ಮುನಿಸಿಕೊಂಡು ಕೆಳಗಿನ ಕೋಣೆಯಲ್ಲೇ ಮಲಗುತ್ತಿದ್ದೇನೆ. ಹಲ್ಲು ಇನ್ನೊಂದು ಹೋಯಿತು. ಹೌ ಎವರ್, ಉಳಿದವು ಗಟ್ಟಿಯಾಗಿವೆ.

ಅಪ್ಪ ಯಾಕೆ ಪತ್ರ ಬರೆದ, ಫೋನ್ ಇಲ್ಲವಾ ಅಂದುಕೊಳ್ಳುತ್ತೀಯ. ನಿನ್ನ ಹಳೆಯ ನಂಬರಿಗೆ ಮಾಡಿದರೆ ಯಾರೋ ಹೆಣ್ಣುಮಗಳು, ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಅನ್ನುತ್ತಾಳೆ. ಎಷ್ಟು ಸಲ ಮಾಡಿದರೂ ಅದೇ ದನಿ, ಬೇಸರವೆಂಬುದೇ ಇಲ್ಲ ಆಕೆಗೆ. ಮೊನ್ನೆ ನಾನು, "ಆಯ್ತಮ್ಮ, ಗೊತ್ತಾಯ್ತು, ನಿಂಗೂ ತೊಂದ್ರೆ" ಅಂದುಬಿಟ್ಟೆ. ಹೊಸ ನಂಬರು ಯಾರ ಹತ್ತಿರವೂ ಇಲ್ಲ. ನಮ್ಮ ಬೀದಿಯ ತುದಿಮನೆಯ ವ್ಯಾನ್ ಡ್ರೈವರ್ ಇದ್ದಾನಲ್ಲ, ನಿಮ್ಮ ಕಾರ್ಖಾನೆಗೆ ಬಟ್ಟೆ ಸುರುಳಿ ಹೊತ್ತು ಹೋಗುವವನು, ಅವನು ಇವತ್ತು ಸಂಜೆ ಹೊರಟು ನಾಳೆ ಬೆಳಿಗ್ಗೆ ನಿಮ್ಮ ಗೇಟಿನಲ್ಲಿರುತ್ತಾನಂತೆ. "ಕೈಗೇ ಕೊಡ್ತೀನಿ ಯಜಮಾನ್ರೇ, ಗೇಟಿನವನ ಕೈಗೆ ಕೊಡಲ್ಲ" ಅಂದಿದ್ದಾನೆ. ಜನ್ಮವಿಡೀ ಗೋದಾಮಿನ ಗೇಟಿನಲ್ಲಿ ನಿಂತ ನನ್ನ ಮುಂದೆ ಅಂಥ ಮಾತು. ಆದರೂ ಅವನು ಹೇಳಿದ್ದು ಸರಿ.

ನಿನ್ನ ಅತ್ತೆ, ನನ್ನ ಅಕ್ಕ, ಈಗ ನನ್ನ ಜೊತೆಗೇ ಇದ್ದಾಳೆ. ನನ್ನನ್ನು ನೋಡಿಕೊಳ್ಳಲು ಬಂದವಳನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಉಪ್ಪು ಹಾಕಿದ್ದು ಮರೆತು ಇನ್ನೊಮ್ಮೆ ಹಾಕುತ್ತಾಳೆ, ಕೇಳಿದರೆ, "ನಿನ್ನ ನಾಲಿಗೆಗೇ ಉಪ್ಪು ಹತ್ತಿದೆ ಕಣೋ" ಅನ್ನುತ್ತಾಳೆ. ನಿನ್ನಮ್ಮನನ್ನು ಕಳುಹಿಸಿಕೊಟ್ಟ ದಿನ ಎಲ್ಲರ ಮುಂದೆ ಅವಳು ನಿನಗೆ ಅಂದ ಮಾತನ್ನು ನೀನು ಮರೆತಿರಲಾರೆ. "ಇದ್ದಾಗ ಹೆತ್ತ ತಾಯಿನ ಒಂದು ಮಾತು ಕೇಳದೋಳು, ಈಗ ಬಂದು ಯಾರನ್ನ ಕೇಳ್ತೀಯೇ?" ನೀನು ಚೀಲ ಎತ್ತಿಕೊಂಡೆ, ನನ್ನ ಮುಖವನ್ನು ಒಂದು ಸಲ ನೋಡಿದೆ, ಹೊರಟೆ. ಅಂದಿನಿಂದ ಆ ಸಂಖ್ಯೆ ಚಾಲ್ತಿಯಲ್ಲಿಲ್ಲ. ಅಕ್ಕನ ಮೇಲೆ ಕೋಪ ಇಟ್ಟುಕೊಳ್ಳಬೇಡ ಎಂದು ಹೇಳಲಾರೆ, ನನಗೇ ಇದೆ. ಆದರೆ ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು, ಆಗ ನನಗೂ ಗೊತ್ತಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಈಗಲೇ ಬಂದರೆ ಪೆನ್ನು ನಿಂತುಬಿಡುತ್ತದೆ.

ಇಂಟರ್ನೆಟ್ಟಿನಲ್ಲಿ ಜನ ಪ್ರಶ್ನೆ ಕೇಳಿ ಉತ್ತರ ಪಡೆಯುವ ನಮ್ಮ ಹೊಲಿಗೆ ತಾಣದ ಸಮಾಚಾರ ಹೇಳುತ್ತೇನೆ. ನಗಬೇಡ, ನನಗೀಗ ಉಳಿದಿರುವ ಕೆಲಸ ಅದೊಂದೇ. ಖಾತೆ ತೆರೆದುಕೊಟ್ಟವಳೇ ನೀನು. ನೀನು ಕಾರ್ಖಾನೆ ಸೇರುವ ಮೊದಲು, ಈ ಮೇಜಿನ ಮೇಲೆ ಕೂತು, "ಅಮ್ಮಾ, ನಿಂಗೆ ಗೊತ್ತಿರೋದನ್ನ ನಾಲ್ಕು ಜನ ಕೇಳ್ಲಿ" ಅಂತ ಹೊಲಿಗೆಮನೆ ಎಂಬ ಹೆಸರು ಹಾಕಿಕೊಟ್ಟೆ. ಅವಳಿಗೆ ಅಕ್ಷರ ಒತ್ತಲು ಬೇಸರ, ನನಗೆ ಹೊಲಿಗೆ ಬಾರದು. ಹಾಗಾಗಿ ಅವಳು ಪೆಡಲ್ ತುಳಿಯುತ್ತಾ ಹೇಳುವುದು, ನಾನು ಕನ್ನಡಕ ಏರಿಸಿಕೊಂಡು ಒತ್ತುವುದು. ಎಲ್ಲಿಂದಲೋ ಯಾರೋ ಕೇಳುತ್ತಿದ್ದರು, ತೋಳು ಸರಿಯಾಗಿ ಕೂರುತ್ತಿಲ್ಲ, ಕಾಲರ್ ಒಂದು ಕಡೆ ಎದ್ದು ನಿಲ್ಲುತ್ತದೆ ಅಂತ. ಅವಳ ಉತ್ತರ ಒಂದೇ ಸಾಲು. "ತೋಳನ್ನು ಬೈಯಬೇಡಿ, ಹೆಗಲು ನೋಡಿ." ಇಲ್ಲವೇ, "ಬಿಚ್ಚಿ, ಮತ್ತೆ ಹೊಲಿಯಿರಿ, ಬಿಚ್ಚೋದಕ್ಕೆ ನಾಚಿಕೆ ಬೇಡ." ನಾನು ಅದಕ್ಕೊಂದು ಕಾಲೇಜಿನ ಇಂಗ್ಲಿಷ್ ಬಾಲ ಸೇರಿಸುತ್ತಿದ್ದೆ. ಎ ಸ್ಟಿಚ್ ಇನ್ ಟೈಮ್ ಸೇವ್ಸ್ ಅಂತ ಶುರು ಮಾಡಿ ಎಷ್ಟು ಸೇವ್ಸ್ ಎಂದು ಮರೆತು ಕೂತರೆ, ಏಳೋ ಒಂಬತ್ತೋ, ಅವಳು, "ಎಷ್ಟಾದ್ರೇನ್ರೀ, ಟೈಮಿಗೆ ಹಾಕಿದ್ರೆ ಆಯ್ತು" ಅನ್ನುತ್ತಿದ್ದಳು.

ಒತ್ತಿ ಒತ್ತಿ ನಮ್ಮ ಖಾತೆಗೆ ಅಂಕ ಏರಿತು, ಅಂಕ ಏರಿದ್ದಕ್ಕೆ ನನ್ನನ್ನು ಮಾಡರೇಟರ್ ಮಾಡಿದರು. ಅಂದರೆ ಮತ್ತೆ ಗೇಟ್ ಕೆಲಸವೇ. ಒಳಗೆ ಬರುವ ಪೋಸ್ಟು ನೋಡುವುದು, ಹುಳುಕಿದ್ದರೆ ಮುಚ್ಚುವುದು, ಕಾರಣದ ಮೊಹರು ಒತ್ತುವುದು. ನಿನ್ನಮ್ಮ ನಕ್ಕಳು. "ಗೋದಾಮಿನ ಗೇಟ್ ಬಿಟ್ಟು ಬಂದ್ರಿ, ಮನೇಲೂ ಒಂದು ಗೇಟ್ ಹಾಕ್ಕೊಂಡ್ರಾ?" ನಗಲಿ. ಎಂತೆಂಥವರು ಬರುತ್ತಾರೆ ಗೊತ್ತಾ? "ಮಿಷನ್ ಓಡ್ತಿಲ್ಲ, ಬೇಗ ಹೇಳಿ" ಅಷ್ಟೇ. ಯಾವ ಮಿಷನ್, ಏನಾಯಿತು, ಕರೆಂಟಾದರೂ ಇದೆಯಾ, ಒಂದೂ ಇಲ್ಲ. "ಚೆನ್ನಾಗಿ ಹೊಲಿಯೋದು ಹೇಗೆ?" ಇದಕ್ಕೆ ಬ್ರಹ್ಮನೂ ಉತ್ತರ ಹೇಳಲಾರ. ಇನ್ನು ಎಣ್ಣೆಯವನೊಬ್ಬ. ಜೇಬು ಹರಿದರೂ, ಝಿಪ್ಪು ಸಿಕ್ಕಿಕೊಂಡರೂ, ಪರದೆ ಗಿಡ್ಡವಾದರೂ ಅವನ ಉತ್ತರ ಒಂದೇ: ನಮ್ಮ ಎಣ್ಣೆ ಹಾಕಿ. ಯಂತ್ರಕ್ಕೆ ಬರೆಸಿ ಉದ್ದುದ್ದ ಉತ್ತರ ಹಾಕುವವರು ಈಗ ಹೊಸದಾಗಿ ಹುಟ್ಟಿದ್ದಾರೆ. ಓದಿದರೆ ಗಾಡಿಗಟ್ಟಲೆ ಸಕ್ಕರೆ, ಆದರೆ ಸೂಜಿ ಹಿಡಿದ ಕೈಯೇ ಅಲ್ಲ. ಇವರೆಲ್ಲರಿಗಿಂತ ಖದೀಮ ಗುಂಡಿ ವ್ಯಾಪಾರಿ. ಒಂದು ಹೆಸರಿನಲ್ಲಿ, ಒಳ್ಳೆಯ ಗುಂಡಿ ಎಲ್ಲಿ ಸಿಗುತ್ತದೆ ಅಂತ ತಾನೇ ಕೇಳುವುದು, ಇನ್ನೊಂದು ಹೆಸರಿನಲ್ಲಿ ತನ್ನ ಅಂಗಡಿಯನ್ನು ತಾನೇ ಹೊಗಳುವುದು. ಒಂದು ದಿನ ಆತುರದಲ್ಲಿ, ಉತ್ತರ ಹಾಕುವ ಮೊದಲೇ ಧನ್ಯವಾದ ಹಾಕಿಬಿಟ್ಟ. ಹಿಡಿದೆ. ತಾನೇ ಕೇಳಿ ತಾನೇ ಉತ್ತರಿಸಿದ ಮೋಸ ಅಂತ ಮೊಹರು ಒತ್ತಿ ಹೊರಗೆ ಹಾಕಿದೆ. ಆ ಮೊಹರು ಅಳಿಸುವುದಿಲ್ಲ ನೋಡು, ಹೆಸರಿನ ಮುಂದೆ ಶಾಶ್ವತವಾಗಿ ಇರುತ್ತದೆ. ಅಂದು ನಾನು ಎರಡು ಲೋಟ ಕಾಫಿ ಕುಡಿದೆ.

ಆಮೇಲೆ ನನಗೆ ಹುರುಪು ಹೆಚ್ಚಿತು. ನಾನೇ ಎರಡು ನಿಯಮ ಬರೆದು ಎಲ್ಲರ ಕೈಲೂ ಒಪ್ಪಿಸಿದೆ. ಒಂದು, ಪೋಸ್ಟು ಪರಿಶೀಲನೆಯ ಸಾಲಿಗೆ ಬಂದಾಗ ಅದನ್ನು ಬರೆದವರ ಹೆಸರು ನಮಗೆ ಕಾಣಬಾರದು. ಮುಖ ನೋಡಿ ಮಣೆ ಹಾಕುವುದು ಬೇಡ. ಗೋದಾಮಿನಲ್ಲಿ ಲಾರಿ ಯಾರದೆಂದು ನೋಡಿ ತೂಗುತ್ತಿದ್ದವರನ್ನು ಬೇಕಾದಷ್ಟು ಕಂಡಿದ್ದೇನೆ. ಎರಡು, ತನ್ನವರ ಪೋಸ್ಟಿಗೆ ಯಾವ ಮಾಡರೇಟರೂ ಕೈ ಹಾಕಬಾರದು, ಅದರ ಪರವಾಗಿ ವೋಟೂ ಹಾಕಬಾರದು. ಕನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಅನ್ನುತ್ತಾರೆ ಇದಕ್ಕೆ. ಇಂಟರೆಸ್ಟ್ ಅಂದರೆ ಒಂದು ಆಸಕ್ತಿ, ಇನ್ನೊಂದು ಬಡ್ಡಿ ಎಂದು ಕಾಲೇಜಿನಲ್ಲಿ ಓದಿದ್ದೆ. ತನ್ನವರು ಎಂಬ ಮೂರನೆಯ ಅರ್ಥವನ್ನು ಈಗ ಕಲಿಯುತ್ತಿದ್ದೇನೆ. ಎರಡೂ ನಿಯಮ ಒಳ್ಳೆಯವೇ. ಇವತ್ತಿಗೂ ಒಳ್ಳೆಯವೇ. ನಿನ್ನಮ್ಮ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ನಾನು ಮಾಡುತ್ತಿದ್ದದ್ದು ಇದನ್ನೇ. ಒಳಗೆ ಬಿಡುವುದಿಲ್ಲ, ಡಾಕ್ಟರು ಮಾತಾಡುವುದಿಲ್ಲ, ಹೊತ್ತು ಹೋಗುವುದಿಲ್ಲ. ಫೋನ್ ತೆಗೆದು ಒಂದಾದ ಮೇಲೊಂದು ಮುಚ್ಚುತ್ತಾ ಹೋದರೆ ಹೇಗೋ ಸಂಜೆಯಾಗುತ್ತಿತ್ತು. ನೆಲ ಒರೆಸುವ ಹೆಂಗಸು, "ಕಾಲೆತ್ತಿ ಅಜ್ಜ" ಅನ್ನುವಳು; ಕಾಲೆತ್ತಿಕೊಂಡೇ ಮುಚ್ಚುತ್ತಿದ್ದೆ. ಸಂಜೆ ಒಳಗೆ ಬಿಟ್ಟಾಗ ಅವಳು ತಾಣದ ಸಮಾಚಾರವನ್ನೇ ಕೇಳುತ್ತಿದ್ದಳು, ಔಷಧಿಯ ಮಾತೆತ್ತುತ್ತಿರಲಿಲ್ಲ. ನಿನಗೆ ತಿಳಿಸಲೂ ಬಿಡಲಿಲ್ಲ. "ಹೆದರಿಸಿ ಕರೆಸ್ಬೇಡಿ, ತಾನಾಗಿ ಬರ್ಲಿ" ಅನ್ನುತ್ತಿದ್ದಳು. ತಿಳಿಸಿದಾಗ ಹೊತ್ತು ಮೀರಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಜೊತೆ ಇನ್ನಿಬ್ಬರು ಮಾಡರೇಟರುಗಳಿದ್ದಾರೆ. ಇಬ್ಬರನ್ನೂ ಕಣ್ಣಾರೆ ಕಂಡಿಲ್ಲ. ಒಬ್ಬನ ಹೆಸರು ಕತ್ತರಿ, ಹೆಸರಿಗೆ ತಕ್ಕ ಬಾಯಿ. ಇನ್ನೊಬ್ಬಾಕೆ ಗುಂಡುಸೂಜಿ, ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದವರು, ಎರಡು ಕಡೆಯ ಮಾತೂ ಕೇಳಿ ಆಮೇಲೆ ಚುಚ್ಚುವವರು. ಮುಚ್ಚುವುದಕ್ಕೆ ಒಬ್ಬರು ಸಾಕು, ಆದರೆ ಅಳಿಸಿ ಎಂಬ ದೂರು ಬಂದರೆ ಮೂವರಲ್ಲಿ ಇಬ್ಬರು ಉಳಿಸಿ ಎಂದರೆ ಪೋಸ್ಟು ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಕಸ ಹೆಚ್ಚಾಯಿತು, ಹಳೆಯದೆಲ್ಲವನ್ನೂ ಜಾಲಾಡೋಣ ಅಂತ ಕತ್ತರಿ ಹೇಳಿದಾಗ ಮೊದಲು ಕೈ ಎತ್ತಿದವನು ನಾನೇ. ಜಾಲಾಡಿದ. ಅವನ ಜಾಲಕ್ಕೆ ಬಿದ್ದದ್ದು ಗಂಟಿನವಳು.

ಈ ಗಂಟಿನವಳು ಯಾರು ಎಂದರೆ, ತಾಣದಲ್ಲಿ ಬಹಳ ಕಾಲದಿಂದ ಪ್ರಶ್ನೆ ಕೇಳುತ್ತಿದ್ದ ಒಬ್ಬಳು. ಖಾತೆಗೆ ಬರಿಯ ಸಂಖ್ಯೆಯ ಹೆಸರು, ಚಿತ್ರವಿಲ್ಲ. ಗಂಟಿನವಳು ಎಂಬುದು ನಿನ್ನಮ್ಮ ಇಟ್ಟ ಹೆಸರು. ಅವಳ ಪ್ರಶ್ನೆಗಳೋ, ನಿಯಮದ ಪ್ರಕಾರ ಒಂದೂ ದಡ ಹತ್ತುವುದಿಲ್ಲ. ಚಿತ್ರ ಇರುವುದಿಲ್ಲ, ಯಾವ ಬಟ್ಟೆ ಎಂದು ಇರುವುದಿಲ್ಲ. "ಕಂಕುಳಿಂದ ಎರಡು ಗಂಟು ಕೆಳಗೆ ಹಿಡಿದರೆ ಬಿಗಿ, ಮೂರು ಗಂಟಾದರೆ ಸಡಿಲ. ಏನು ಮಾಡಲಿ?" ಇಂಚೂ ಅಲ್ಲ, ಸೆಂಟಿಮೀಟರೂ ಅಲ್ಲ, ಗಂಟು! ಇನ್ನೊಂದು, "ಬಿಳಿ ದೀಪದ ಕೆಳಗೆ ಕಪ್ಪು ಬಟ್ಟೆ ಹೊಲಿದರೆ ಹೊಲಿಗೆ ಕಾಣುವುದಿಲ್ಲ, ಕಣ್ಣು ಉರಿಯುತ್ತದೆ. ಉಪಾಯ ಇದೆಯಾ?" ಮತ್ತೊಂದು, "ಜೊತೆಯಲ್ಲಿರುವವಳ ಕೋಟಿನ ಕಾಲರ್ ಕೂರುತ್ತಿಲ್ಲ, ಯಾಕೆ?" ಮೊದಲನೆಯದನ್ನು ಓದಿದ ದಿನ ನಾನು, ಇದೆಂಥ ಅಳತೆ, ಮುಚ್ಚಿಬಿಡುತ್ತೇನೆ ಎಂದೆ. ಪೆಡಲ್ ನಿಂತಿತು. ನಿನ್ನಮ್ಮ ಎದ್ದು ಬಂದು, ನನ್ನ ಹೆಗಲ ಮೇಲಿಂದ ಬಗ್ಗಿ, ಓದು ಬಾರದವರ ಹಾಗೆ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. "ಮುಚ್ಬೇಡಿ, ಇರ್ಲಿ" ಎಂದಳು. ಆಮೇಲೆ ಹೇಳಿದ ಉತ್ತರ ಒಂದು ಸಾಲಿನದಲ್ಲ, ಒಂದು ಪುಟದ್ದು. ಎಲ್ಲರಿಗೂ ಹಾಕಿ, ಹಿಡಿಯಿರಿ ಎನ್ನುವವಳು ಇವಳೊಬ್ಬಳಿಗೆ ಹಾಕು, ಹಿಡಿ ಎಂದಳು. ಸಾರ್ವಜನಿಕ ತಾಣದಲ್ಲಿ ಏಕವಚನ ಚೆನ್ನಾಗಿರುವುದಿಲ್ಲ ಕಣೇ ಅಂತ ನಾನು ತಿದ್ದಿದೆ, ಅವಳು ನನ್ನ ಕೈಯಿಂದಲೇ ಮತ್ತೆ ತಿದ್ದಿಸಿದಳು. ಕೊನೆಗೆ, "ಅಲ್ಲಿ ಬೆಳಕು ಸಾಕಾಗುತ್ತಾ? ಊಟ ಬಿಟ್ಟು ಹೊಲಿಯಬೇಡ" ಎಂದೂ ಸೇರಿಸಿದಳು. ಅಂದಿನಿಂದ ಪ್ರತಿ ಉತ್ತರದ ಬಾಲಕ್ಕೂ ಅಂಥದೊಂದು ಮಾತು. ಮಳೆಗೆ ಕೊಡೆ ಇದೆಯಾ, ಕೆಮ್ಮು ಹೋಯಿತಾ, ಜೊತೆಯಲ್ಲಿರುವವಳು ಒಳ್ಳೆಯವಳಾ. ಉಳಿದವರು ಎಷ್ಟೋ ಜನ ಉತ್ತರ ಹಾಕಿದರು, ಗಂಟಿನವಳು ಸರಿ ಎಂಬ ಗುರುತು ಹಾಕಿದ್ದು ಮಾತ್ರ ಸದಾ ಹೊಲಿಗೆಮನೆಗೆ.

ನಮ್ಮ ಮನೆಯಲ್ಲೂ ಗಂಟಿನ ಪಟ್ಟಿಯೊಂದಿತ್ತಲ್ಲ. ಅಳತೆಯ ಟೇಪು ಹರಿದಾಗ ಹೊಸದು ತರುವಷ್ಟರಲ್ಲಿ ಎಂದು ನಿನ್ನಮ್ಮ ಒಂದು ಹಸಿರು ಪಟ್ಟಿಗೆ ನಾಲ್ಕು ಬೆರಳಿಗೊಂದರಂತೆ ಗಂಟು ಹಾಕಿಕೊಂಡಳು. ಹೊಸ ಟೇಪು ಬಂದರೂ ಪಟ್ಟಿ ಬಿಡಲಿಲ್ಲ. ನೀನು ಒಂದು ತುದಿ ಹಿಡಿದು ನಿಲ್ಲುತ್ತಿದ್ದೆ, ಅವಳು ಇನ್ನೊಂದು ತುದಿ. ಕಾರ್ಖಾನೆಗೆ ಹೋಗುತ್ತೇನೆ ಅಂದ ದಿನ ಆ ಪಟ್ಟಿಯ ಮೇಲೇ ಅಲ್ಲವೇ ಜಗಳ ಬಂದದ್ದು. "ಇಡೀ ಕೋಟು ಹೊಲಿಯೋಳು ಹೋಗಿ ದಿನವಿಡೀ ಬರೀ ಎಡತೋಳು ಹೊಲೀತೀಯಾ?" ಅಂತ ಅವಳು. "ನಿನ್ನ ಗಂಟಿನ ಪಟ್ಟಿ ಹಿಡ್ಕೊಂಡು ನಾನೂ ಇಲ್ಲೇ ಮುದುಕಿ ಆಗ್ಲಾ?" ಅಂತ ನೀನು. "ಹೋಗು, ಇನ್ಮೇಲೆ ಹೊಲಿಗೆ ವಿಷಯ ಒಂದು ಮಾತು ನನ್ನ ಕೇಳ್ಬೇಡ." "ಕೇಳಲ್ಲ." ಇಬ್ಬರದೂ ಒಂದೇ ಅಚ್ಚು. ಅವಳು ಹಿಡಿದ ಮಾತು ಬಿಡುವವಳಲ್ಲ, ನೀನು ಆಡಿದ ಮಾತು ಮುರಿಯುವವಳಲ್ಲ. ನಡುವೆ ನಾನು, ಊಟ ಆಯ್ತಾ ಎಂಬ ಫೋನಿನ ಮಾತು ಬಿಟ್ಟರೆ ಇನ್ನೊಂದು ಬಾರದ ದಡ್ಡ. ಈ ಪಟ್ಟಿಯ ಮಾತು ಇಲ್ಲಿ ಯಾಕೆ ಬಂತೋ ಗೊತ್ತಿಲ್ಲ, ನೆನಪಿಗೆ ಬಂತು, ಬರೆದೆ. ಲೋಕದಲ್ಲಿ ಗಂಟಿನಲ್ಲಿ ಅಳೆಯುವವರು ಬೇರೆಯವರೂ ಇರಬಹುದು.

ಕತ್ತರಿಯ ಆರೋಪ ಇಷ್ಟು. ಈ ಸಂಖ್ಯೆಯ ಖಾತೆ ಕೇಳುವುದು ಅರ್ಧಂಬರ್ಧ ಪ್ರಶ್ನೆ, ಅದಕ್ಕೆ ಹೊಲಿಗೆಮನೆಯದೇ ಉತ್ತರ, ಅದಕ್ಕೇ ಅಂಕ. ಅಳತೆಯೋ ಬೇರೆ ಯಾರಿಗೂ ಅರ್ಥವಾಗದ್ದು, ಇವರಿಬ್ಬರಿಗೆ ಮಾತ್ರ ಅರ್ಥ. ಮೇಲಿಂದ ಕೆಮ್ಮು ಕೊಡೆಯ ಹರಟೆ. ಹೊಲಿಗೆಮನೆಯ ಯಜಮಾನ ಬೇರೆ ಮಾಡರೇಟರ್. "ಗುಂಡಿಯವನಿಗೊಂದು ನ್ಯಾಯ, ನಿಮಗೊಂದು ನ್ಯಾಯವಾ ಹಿರಿಯರೇ?" ಅಂತ ಎಲ್ಲರಿಗೂ ಕಾಣುವಂತೆ ಬರೆದಿದ್ದಾನೆ. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ಪೂರ್ಣವಿರಾಮ ಕೂಡ ಅಲ್ಲೇ ಹಾಕುತ್ತಿದ್ದೆ. ಪ್ರಶ್ನೆ ಅಳಿಸಿದರೆ ಅದರ ಕೆಳಗಿನ ಉತ್ತರವೂ ಹೋಗುತ್ತದೆ. ನಿನ್ನಮ್ಮ ಹೇಳಿದ ಉದ್ದನೆಯ ಮಾತೆಲ್ಲ ಇರುವುದು ಆ ಪ್ರಶ್ನೆಗಳ ಕೆಳಗೇ. ಹೋದರೆ ಹೋಗಲಿ, ಬರೆದಿಟ್ಟುಕೋ ಎಂದಳು ನಿನ್ನ ಅತ್ತೆ. ಬರೆದುಕೊಳ್ಳಬಹುದು. ಆದರೆ ಹೋದ ಮೇಲೆ ಉಳಿಯುವುದು ಮೊಹರು. ಹೊಲಿಗೆಮನೆ ಎಂಬ ಹೆಸರಿನ ಮುಂದೆ, ತಾನೇ ಕೇಳಿ ತಾನೇ ಉತ್ತರಿಸಿದ ಮೋಸ. ಜೀವಮಾನದಲ್ಲಿ ಒಬ್ಬರ ಬಟ್ಟೆಯ ಚೂರನ್ನೂ ಇಟ್ಟುಕೊಳ್ಳದವಳು, ಉಳಿದ ಒಂದು ಗೇಣನ್ನೂ ಮಡಚಿ ಗಿರಾಕಿಯ ಜೇಬಿನಲ್ಲೇ ಇಟ್ಟು ಕಳಿಸುತ್ತಿದ್ದವಳು. ಅವಳ ಹೆಸರಿಗೆ ಆ ಮೊಹರು ಬೀಳುವುದನ್ನು ನಾನು ಕೂತು ನೋಡಬೇಕು, ಅದೂ ನಾನೇ ಕೆತ್ತಿದ ಮೊಹರು.

ಎರಡು ದಿನದಿಂದ ನಿದ್ದೆಯಿಲ್ಲ. ಗಂಟಿನವಳು ಯಾರೆಂದು ನನಗೆ ಗೊತ್ತಿಲ್ಲ ಎಂದು ಬರೆದರೆ ನಾನು ವೋಟು ಹಾಕಬಹುದು, ಗುಂಡುಸೂಜಿ ಒಪ್ಪಿದರೆ ಎಲ್ಲ ಉಳಿಯುತ್ತದೆ. ಗೊತ್ತಿದೆ ಎಂದು ಬರೆದರೆ ಆಸ್ ಪರ್ ರೂಲ್ಸ್ ನನ್ನ ಕೈ ಕಟ್ಟಿತು, ಕತ್ತರಿಯ ಮಾತೂ ನಿಜವಾಯಿತು. ಸುಳ್ಳು ಹೇಳಿದರೆ ಉಳಿಯುತ್ತಾಳೆ, ನಿಜ ಹೇಳಿದರೆ ಹೋಗುತ್ತಾಳೆ. ಬರೆದು ಬರೆದು ಅಳಿಸಿದ್ದೇನೆ. ಅದಕ್ಕೇ ಇನ್ನೂ ಏನೂ ಬರೆಯದೆ, ನನಗೇನೂ ಗೊತ್ತಿಲ್ಲದವನ ಹಾಗೆ ಕೂತಿದ್ದೇನೆ. ನಿನ್ನ ಮುಂದೆಯೂ ಹಾಗೇ ಇದ್ದೇನೆ, ತಪ್ಪು ತಿಳಿಯಬೇಡ. ಗುಂಡುಸೂಜಿ ಮೇಡಂ ನಿನ್ನೆ ಒಂದು ದಾರಿ ತೋರಿಸಿದರು. "ಆ ಹುಡುಗಿ ತಾನೇ ಬಂದು, ಗಂಟು ಅಂದ್ರೇನು, ಯಾಕೆ ಇಲ್ಲೇ ಕೇಳಿದ್ಲು ಅಂತ ಬಾಯಿ ಬಿಟ್ಟು ಹೇಳ್ಲಿ. ನಾನು ಅವಳ ಪರ ನಿಲ್ತೀನಿ, ಕತ್ತರಿಯನ್ನೂ ಒಪ್ಪಿಸ್ತೀನಿ. ಭಾನುವಾರ ಸಂಜೆವರೆಗೆ ಕಾಯ್ತೀನಿ, ಆಮೇಲೆ ನನ್ನ ಕೈಲಿಲ್ಲ." ನಾನು ತಾಣದಲ್ಲಿ ಆ ಖಾತೆಗೆ ಸಂದೇಶದ ಮೇಲೆ ಸಂದೇಶ ಹಾಕಿದೆ. ನಿನ್ನಮ್ಮ ಹೋದಾಗಿನಿಂದ ಗಂಟಿನವಳು ಒಂದು ಸಲವೂ ಒಳಗೆ ಬಂದಿಲ್ಲ. ಗಂಟನ್ನು ನಾನೇ ಅಳೆದು ಬರೆಯೋಣವೆಂದು ಡ್ರಾಯರಿನಿಂದ ಹಸಿರು ಪಟ್ಟಿ ತೆಗೆದು ಸ್ಕೇಲ್ ಇಟ್ಟೆ. ಒಂದು ಗಂಟಿನಂತೆ ಇನ್ನೊಂದಿಲ್ಲ. ಒಂದು ಹಿಗ್ಗಿದೆ, ಒಂದು ಕುಗ್ಗಿದೆ. ಯಾವುದರಿಂದ ಎಣಿಸುತ್ತಿದ್ದರೋ, ಗಂಟಿನ ಈಚೆಗೋ ಆಚೆಗೋ, ಹಿಡಿದು ನಿಂತವರಿಗೇ ಗೊತ್ತು. ಒಬ್ಬಳು ಹೋದಳು. ಇನ್ನೊಂದು ತುದಿ ಹಿಡಿದವಳೇ ಬರಬೇಕು.

ನಿಮ್ಮ ಕಾರ್ಖಾನೆಯಲ್ಲಿ ಸಾವಿರ ಜನ ಹೆಣ್ಣುಮಕ್ಕಳು. ಅವರಲ್ಲಿ ಎಲ್ಲಾದರೂ ಇಂಥವಳೊಬ್ಬಳು ಕಂಡರೆ, ಬಿಳಿ ದೀಪದ ಕೆಳಗೆ ಕಣ್ಣುಜ್ಜಿಕೊಳ್ಳುವವಳು, ಹೇಳಮ್ಮ. ಅವಳನ್ನು ಯಾರೂ ಬೈಯುವುದಿಲ್ಲ. ಅವಳು ಯಾರು ಎಂದು ನಾನು ಕೇಳುವುದಿಲ್ಲ. ಭಾನುವಾರ ಹೊತ್ತು ಮುಳುಗುವುದರೊಳಗೆ ಬಂದು ನಾಲ್ಕು ಸಾಲು ಬರೆಯಲಿ, ಅಷ್ಟೇ. ಒಬ್ಬ ಮುದುಕ ಕೈ ಮುಗಿದು ಕೇಳಿದ ಎಂದು ಹೇಳು. ಹಸಿರು ಪಟ್ಟಿಯನ್ನು ಇದರೊಳಗೇ ಮಡಚಿ ಇಟ್ಟಿದ್ದೇನೆ. ಅವಳಿಗೆ ಬೇಕಾಗಬಹುದು.

ನಿನಗೆ ಆಯುಸ್ಸು, ಆರೋಗ್ಯ, ಕಣ್ಣಿಗೆ ತಂಪು ಕೊಟ್ಟು ದೇವರು ಕಾಪಾಡಲಿ. ನಿನ್ನ ಅತ್ತೆಯೂ ಆಶೀರ್ವಾದ ಬರೆ ಎಂದಳು. ಬಾಗಿಲಲ್ಲಿ ಬಂದು ನಿಂತು, ಮುಖ ತಿರುಗಿಸಿಕೊಂಡು, ಆದರೂ ಎಂದಳು. ಜೊತೆಯಲ್ಲಿರುವ ಹುಡುಗಿಗೆ ನನ್ನ ನೆನಪು ಹೇಳು, ಅವಳ ಕೋಟಿನ ಕಾಲರ್ ಸರಿಯಾಗಿ ಕೂತಿತೆಂದು ಭಾವಿಸುತ್ತೇನೆ.

ಇತಿ ನಿನ್ನನ್ನೇ ನೆನೆಯುವ
ಅಪ್ಪ

ತಾ.ಕ.: ವ್ಯಾನಿನವನು ಬಂದು ಹಾರ್ನ್ ಹೊಡೆಯುತ್ತಿದ್ದಾನೆ. ಅಂಟಿಸಿದ ಲಕೋಟೆ ಬಿಚ್ಚಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಬರೆದದ್ದನ್ನೆಲ್ಲ ಬಿಡು. ಗಂಟಿನವಳು ನೀನು. ಕಣ್ಣುರಿಯ ಮಾತು ಅಪ್ಪನಿಗೆ ಹೇಗೆ ತಿಳಿಯಿತೆಂದು ನಿನಗೆ ಮೊದಲ ಸಾಲಿನಲ್ಲೇ ಹೊಳೆದಿರಬೇಕು. ಕತ್ತರಿ ನಿನ್ನ ಪೋಸ್ಟುಗಳ ಪಟ್ಟಿಯನ್ನು ಹೆಸರಿನ ಸಮೇತ ಮುಂದಿಟ್ಟಾಗ ಎಲ್ಲವನ್ನೂ ಒಟ್ಟಿಗೆ ಓದಿದೆ, ಆಗ ತಿಳಿಯಿತು. ಅದರ ಕೊನೆಯಲ್ಲಿ ಮುಚ್ಚಿದ ಪ್ರಶ್ನೆಯೊಂದು ಕೆಂಪಗೆ ಕೂತಿತ್ತು. "ಇಷ್ಟು ದಿನವಾಯಿತು, ಉತ್ತರ ಹೇಳುತ್ತಿದ್ದವರು ಕಾಣುತ್ತಿಲ್ಲ. ಅವರು ಚೆನ್ನಾಗಿದ್ದಾರಾ?" ಅದರ ಕೆಳಗೆ, ಮುಚ್ಚಿದವರು ಹೊಲಿಗೆಮನೆ, ಕಾರಣ, ಇದು ಪ್ರಶ್ನೆಯಲ್ಲ. ಮಗಳೇ, ಅದನ್ನು ಮುಚ್ಚಿದ್ದು ನಿನ್ನಮ್ಮ ಅಲ್ಲ. ಆ ತಾರೀಖಿಗೆ ಅವಳ ಮೂಗಿನಲ್ಲಿ ನಳಿಕೆ ಇತ್ತು, ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಮುಚ್ಚಿದವನು ನಾನು, ಹೊರಗಿನ ಬೆಂಚಿನ ಮೇಲೆ, ಹೆಸರು ಕಾಣದೆ, ಎಣ್ಣೆಯವನದನ್ನು ಮುಚ್ಚಿದ ಹಾಗೆ. ಅಮ್ಮನೇ ಬಾಗಿಲು ಹಾಕಿದಳೆಂದು ನೀನು ಇಷ್ಟು ದಿನ ಅಂದುಕೊಂಡಿದ್ದೆಯಾ? ಅದನ್ನು ಹೊತ್ತುಕೊಂಡೇ ಅಂದು ಬಂದು ನಿಂತಿದ್ದೆಯಾ? ಅದನ್ನು ಹೊತ್ತುಕೊಂಡೇ ನಿನ್ನ ಅತ್ತೆಯ ಮಾತನ್ನೂ ಕೇಳಿಸಿಕೊಂಡೆಯಾ? ಮೊಹರು ಬಿದ್ದರೆ ಬೀಳಲಿ, ಉತ್ತರಗಳು ಹೋದರೆ ಹೋಗಲಿ, ಈ ಒಂದು ಮಾತು ನಿನಗೆ ಮುಟ್ಟಬೇಕು. ನನ್ನ ನಿಯಮ ನಾನೇ ಮುರಿದು ಇವತ್ತು ಬೆಳಿಗ್ಗೆ ಆ ಪ್ರಶ್ನೆಯನ್ನು ತೆರೆದಿದ್ದೇನೆ. ಅದಕ್ಕೆ ನನ್ನ ಗೇಟು ಹೋಗುತ್ತದೆ, ಹೋಗಲಿ. ಕತ್ತರಿ ನೋಡುವ ಮೊದಲು ನೀನು ನೋಡು. ಪ್ರತಿ ಸಂಜೆ ಒಳಗೆ ಬಿಟ್ಟ ತಕ್ಷಣ ಅವಳು ಕೇಳುತ್ತಿದ್ದದ್ದು ಇದೊಂದನ್ನೇ. "ಗಂಟಿನವಳು ಇವತ್ತೇನಾದ್ರೂ ಕೇಳಿದ್ಲಾ?" ನಾನು ಅದನ್ನು ಮುಚ್ಚಿದ ದಿನ ಸಂಜೆಯೂ ಕೇಳಿದಳು. ಇಲ್ಲ, ಏನೂ ಕೇಳಿಲ್ಲ ಎಂದೆ. "ಕೇಳ್ತಾಳೆ ಬಿಡಿ, ನಾಳೆ ಇನ್ನೊಂದ್ಸಲ ನೋಡಿ" ಎಂದಳು. ನಾನಿನ್ನೂ ನೋಡುತ್ತಿದ್ದೇನೆ.